ತೀರ್ಥಹಳ್ಳಿಯಿಂದ ವಾರವಾರವೂ ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕು. ಹೆಚ್ಚು ಮೈಲೇಜ್ ಕೊಡುವ ಕಾರು ಯಾವುದು? ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಎಷ್ಟು ಉಳಿಯುತ್ತದೆ?

ನ್ಯೂಟ್ರಲ್ ಅನ್ನೋದು ಓದಿದ ಕೂಡಲೇ ಎದೆ ಧಸಕ್ಕೆಂದಿತು ಮಾರಾಯ್ರೇ. ಅಮ್ಮನ ಚಿಕಿತ್ಸೆಗೆಂದು ನಾನೂ ಇದೇ ಘಟ್ಟದಲ್ಲಿ ಇದೇ ಲೆಕ್ಕ ಹಾಕಿಕೊಂಡು ಓಡಾಡಿದವನು.

ಇಳಿಜಾರಲ್ಲಿ ಗೇರು ತಪ್ಪಿಸುವುದನ್ನು ಕಲಿತದ್ದು ಅಪ್ಪಯ್ಯನಿಂದ, ಅವರ ಪೆಟ್ರೋಲ್ ಜೀಪಿನಲ್ಲಿ. ಅದು ಕಾರ್ಬುರೇಟರ್ ಕಾಲದ ಗಾಡಿ, ಅಂದರೆ ಎಂಜಿನ್ ಎಳೆಯುವ ಗಾಳಿಯ ಜೊತೆಗೇ ಪೆಟ್ರೋಲ್ ಬೆರೆತು ಹೋಗುವಂಥದ್ದು; ಗೇರಿನಲ್ಲೇ ಇಳಿದರೂ ಒಂದಷ್ಟು ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇರುತ್ತಿತ್ತು. ಹಾಗಾಗಿ ಅವರ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ನನ್ನದು ಇಂಜೆಕ್ಷನ್ ಕಾರು, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದ್ದು. ಇದರಲ್ಲಿ ಗೇರು ಬಿಡದೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಒಳಗಿನ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆಫ್ ಆಗದಿರಲಿ ಅಂತ ಮತ್ತೆ ಪೆಟ್ರೋಲ್ ಬಿಡಲೇಬೇಕು. ಸಣ್ಣ ಕಾರು ಸುಮ್ಮನೆ ಸ್ಟಾರ್ಟಿನಲ್ಲಿದ್ದರೂ ಗಂಟೆಗೆ ಅರ್ಧ ಲೀಟರಿಗಿಂತ ಮೇಲೆಯೇ ಕುಡಿಯುತ್ತದೆ. ಅಂದರೆ ನಾನು ಉಳಿಸುತ್ತಿರಲಿಲ್ಲ, ಸುಡುತ್ತಿದ್ದೆ.

ಪೆಟ್ರೋಲು ಹೋಗಲಿ, ಲೋಟದ ಲೆಕ್ಕ. ದುಬಾರಿಯಾದದ್ದು ಬ್ರೇಕು. ಒಂದು ಟನ್ ತೂಕದ ಗಾಡಿ 100 ಮೀಟರ್ ಎತ್ತರದಿಂದ ಇಳಿದರೆ 9.8 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. 500 ಮೀಟರಿಗೆ 49 ಲಕ್ಷ. ಗೇರಿನಲ್ಲಿದ್ದರೆ ಎಂಜಿನ್ ಅದರಲ್ಲಿ ಒಳ್ಳೇ ಪಾಲು ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೇ. 15 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಬಚ್ಚಲ ಒಲೆಯನ್ನೇ ಮುಂದಿನ ಚಕ್ರಗಳಿಗೆ ಕಟ್ಟಿಕೊಂಡು ಹೊರಟ ಹಾಗೆ.

ಸಾಲದ್ದಕ್ಕೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಕೇಳಬೇಕೇ! ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ನೀವು ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ಹೋಗುವುದಿಲ್ಲ. ನನ್ನ ಕಾರಿನ ಆಯಿಲ್ ತಗೊಂಡಾಗಿನದೇ. ಸುಟ್ಟ ವಾಸನೆ ಬಂದಾಗ ಮುಂದಿನ ಗಾಡಿಯದ್ದು ಅಂದುಕೊಂಡೆ. ಸೋಮೇಶ್ವರ ಇನ್ನೇನು ಬಂತು ಅನ್ನುವಾಗ ಪೆಡಲ್ ಸೀದಾ ನೆಲ ಮುಟ್ಟಿತು. ಎಡಕ್ಕೆ ಗುಡ್ಡದ ಧರೆ ಇತ್ತು, ಬಚಾವ್. ಚರಂಡಿಗೆ ಇಳಿಸಿ ಧರೆಗೆ ಉಜ್ಜಿಸಿ ನಿಲ್ಲಿಸಿದೆ. ಬಂಪರ್, ರೇಡಿಯೇಟರ್, ಬ್ರೇಕಿನ ಎರಡೂ ಡಿಸ್ಕು ಹೋದವು. ಬಿಲ್ಲಿನ ದುಡ್ಡಲ್ಲಿ ವರ್ಷದ ಪೆಟ್ರೋಲ್ ಹಾಕಿಸಬಹುದಿತ್ತು. ಅಮ್ಮ "ನಿನ್ನ ಕಾರೂ ಬೇಡ, ನೀನು ಬಿಡೋದೂ ಬೇಡ" ಅಂದುಬಿಟ್ಟರು.

ಹಾಗೆ ಬಸ್ಸು ಹತ್ತಿದ್ದು. ಅಲ್ಲಿ ಕೂತು ಲೆಕ್ಕ ಹಾಕಿದ ಮೇಲೆ ನಿಮ್ಮ ಮೊದಲ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಅಂತ ಯಾಕೆ ಕೇಳುತ್ತೀರಿ, ಎಷ್ಟು ಜನರನ್ನು ಎಷ್ಟು ದೂರ ಒಯ್ಯುತ್ತದೆ ಅಂತ ಕೇಳಿ. ಲೀಟರಿಗೆ 18 ಕಿ.ಮೀ. ಕೊಡುವ ಕಾರಿನಲ್ಲಿ ನೀವೊಬ್ಬರೇ ಹೋದರೆ ಲೆಕ್ಕ 18ಕ್ಕೇ ಮುಗಿಯಿತು. ಘಟ್ಟದ 14 ತಿರುವುಗಳಲ್ಲಿ ಓಡುವುದು ಮಿನಿ ಬಸ್ಸು. ಲೀಟರಿಗೆ ಬರೀ 6 ಅಂತ ಹಿಡಿಯಿರಿ, 25 ಜನ ಇದ್ದರೆ 150 ಆಯಿತು. ಖಾಲಿ ಓಡುತ್ತದಲ್ಲ ಅಂತೀರಾ? ಐದೇ ಜನ ಇದ್ದರೂ 30. ಡೀಸೆಲ್ ಲೀಟರಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಶೇ. 10ರಷ್ಟು ಜಾಸ್ತಿ, ಅದನ್ನು ಕಳೆದರೂ ಬಸ್ಸೇ ಮುಂದು. ಬೈಕು ಒಬ್ಬರಿಗೆ ಕಾರಿಗಿಂತ ಎಷ್ಟೋ ವಾಸಿ, ಆದರೆ ಜುಲೈನಲ್ಲಿ ಆಗುಂಬೆ ಮಳೆಗೆ ಬೈಕು ಅನ್ನುವವರು ನಮ್ಮೂರಿನವರಲ್ಲ.

ಇಷ್ಟರ ಮೇಲೂ ಕಾರೇ ಬೇಕೆಂದರೆ ಎಲೆಕ್ಟ್ರಿಕ್ ನೋಡಿ. ಇಳಿಯುವಾಗ ಅದರ ಮೋಟಾರೇ ಜನರೇಟರ್ ಆಗಿ, ನಾನು ಡಿಸ್ಕಿನಲ್ಲಿ ಸುಟ್ಟ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಶರಾವತಿ ಕರೆಂಟು, ಹೊಗೆಯೇ ಇಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. 1,035 ಮೆಗಾವಾಟ್‌ನ ಶರಾವತಿ ಸ್ಥಾವರ ಸೇರುವ ಜಾಲಕ್ಕೇ ರಾಯಚೂರಿನ ಕಲ್ಲಿದ್ದಲ ಕರೆಂಟೂ ಸೇರುತ್ತದೆ. ಇನ್ನೊಂದು, ಆಗುಂಬೆಯಲ್ಲಿ ಉಳಿದು ಬೆಳಿಗ್ಗೆ ಫುಲ್ ಚಾರ್ಜ್ ಮಾಡಿಕೊಂಡು ಘಟ್ಟ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಲು ಜಾಗವಿರುವುದಿಲ್ಲ, ಭಾರವೆಲ್ಲ ಪುನಃ ಬ್ರೇಕಿಗೇ ಬೀಳುತ್ತದೆ. ತೀರ್ಥಹಳ್ಳಿಯಿಂದ ಹೊರಟಿದ್ದರೆ ಆ ಚಿಂತೆ ಇಲ್ಲ, ಆಗುಂಬೆ ಮುಟ್ಟುವಷ್ಟರಲ್ಲಿ ಜಾಗ ಆಗಿರುತ್ತದೆ. ಪೆಟ್ರೋಲ್ ಕಾರಾದರೆ ಎರಡನೇ ಗೇರು ಹಾಕಿ ಇಳಿಸಿ, ಮತ್ತು ಈ ಮಳೆಗಾಲ ಹಿಡಿಯುವ ಮೊದಲು ಬ್ರೇಕ್ ಆಯಿಲ್ ಬದಲಿಸಿ.