ಟೆಟ್ರಿಸ್ ಹುಟ್ಟಿದ ವರ್ಷಕ್ಕೂ ಜಗಳವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಿಕಿಪೀಡಿಯದಲ್ಲಿ ವಿಡಿಯೊ ಗೇಮ್ ಲೇಖನ ತಿದ್ದಲು ಹೋಗಿ ಕೈ ಸುಟ್ಟುಕೊಂಡವರದು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನಾನು ಬಿಸಿಎ ವಿದ್ಯಾರ್ಥಿ. ಇಂಗ್ಲಿಷ್ ವಿಕಿಪೀಡಿಯದ ಟೆಟ್ರಿಸ್ (ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಗೇಮ್) ಲೇಖನದಲ್ಲಿ ಗೇಮ್ ಹುಟ್ಟಿದ್ದು 1985 ಅಂತ ಇತ್ತು. ಟೆಟ್ರಿಸ್ ಕಂಪನಿಯವರೇ 1984ರ ಜೂನ್ 6 ಅನ್ನುತ್ತಾರೆ. 2024ರಲ್ಲಿ ನಲವತ್ತು ವರ್ಷದ ಸಂಭ್ರಮವನ್ನೂ ಮಾಡಿದರು. ನಾನು ಕಂಪನಿಯ ವೆಬ್‌ಸೈಟ್ ಲಿಂಕ್ ಹಾಕಿಯೇ 1984 ಅಂತ ತಿದ್ದಿದೆ. ಯಾರೋ ಅಳಿಸಿದರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಈಗ ನನಗೇ ಎಚ್ಚರಿಕೆ ಬಂದಿದೆ. ಗೇಮ್ ಯಾರದ್ದೋ ಅವರ ಮಾತಿಗೇ ಬೆಲೆ ಇಲ್ಲವಾ? ನಮ್ಮ ಹಾಸ್ಟೆಲ್ ಹುಡುಗರು ಎಲ್ಲರೂ ಅಕೌಂಟ್ ಮಾಡಿಕೊಂಡು ಸಪೋರ್ಟ್ ಮಾಡುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಲಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಬೇಡ, ಖಂಡಿತ ಬೇಡ. ಗುಂಪು ಕಟ್ಟಿಕೊಂಡು ಹೋದರೆ ನಿಮ್ಮ ಮಾತು ಸರಿ ಇದ್ದರೂ ಸೋಲುತ್ತೀರಿ. ಒಂದೇ ದಿನ ಹುಟ್ಟಿದ ಹತ್ತು ಅಕೌಂಟ್‌ಗಳು ಒಂದೇ ಸಾಲು ತಿದ್ದಲು ಬಂದರೆ ಹಳಬರಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಮೇಲೆ ಎಲ್ಲರದೂ ಒಂದೇ ಹಾಸ್ಟೆಲ್ ವೈಫೈ! ಒಬ್ಬನೇ ಹಲವು ಹೆಸರಿನಲ್ಲಿ ಬರುತ್ತಿದ್ದಾನಾ ಎಂದು ಪರೀಕ್ಷಿಸುವ ಸಾಧನ ಕೆಲವು ನಂಬಿಕೆಯ ಸದಸ್ಯರ ಕೈಯಲ್ಲಿದೆ. ಹತ್ತು ಜನ ನಿಜವಾಗಿ ಬೇರೆ ಬೇರೆಯವರೇ ಆದರೂ ಲಾಭವಿಲ್ಲ. ಹೊರಗಿನಿಂದ ಜನ ಕರೆಸುವುದೇ ಅಲ್ಲಿ ತಪ್ಪು. ಅಲ್ಲಿನ ತೀರ್ಮಾನ ಕೈ ಎಣಿಸಿ ಆಗುವುದೂ ಅಲ್ಲ.

ಇನ್ನು ಎಚ್ಚರಿಕೆ. ಅದನ್ನು ನೋಡಿ ಹೆದರಬೇಡಿ. ಹೊಸಬರಿಗೆ ಹಾಕುವ ಸಿದ್ಧ ಸಂದೇಶ ಅದು. ಆದರೆ ಅದರಲ್ಲಿರುವ ನಿಯಮ ಮಾತ್ರ ಗಟ್ಟಿಯಾದದ್ದು. ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರು ಮಾಡಿದ್ದನ್ನು ರಿವರ್ಟ್ ಮಾಡುವ, ಅಂದರೆ ಅಳಿಸಿ ಹಿಂದಿನಂತೆ ಮಾಡುವ, ಹಾಗಿಲ್ಲ. ಮಾಡಿದರೆ ಬ್ಲಾಕ್ ಆಗಬಹುದು. ಹಾಗಂತ ದಿನಕ್ಕೆ ಮೂರು ಸಲ ಧಾರಾಳವಾಗಿ ಮಾಡಬಹುದು ಎಂದೂ ಅಲ್ಲ. ಗಡಿಯಾರ ನೋಡಿಕೊಂಡು ಇಪ್ಪತ್ತೈದನೇ ಗಂಟೆಗೆ ನಾಲ್ಕನೇ ಸಲ ಒತ್ತುವ ಜಾಣರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದಾರೆ. ಅವರನ್ನೂ ಬ್ಲಾಕ್ ಮಾಡುತ್ತಾರೆ. ನಿಮ್ಮ ವರ್ಷ ಸರಿಯೋ ತಪ್ಪೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. "ನಾನು ಹೇಳಿದ್ದು ಸರಿ ಇತ್ತಲ್ಲ" ಎಂಬ ಸಮರ್ಥನೆ ನಡೆಯುವುದಿಲ್ಲ.

ಈಗ ಅಸಲಿ ವಿಷಯ. ಗೇಮ್ ಯಾರದ್ದೋ ಅವರ ಮಾತಿಗೆ ಬೆಲೆ ಇಲ್ಲವೇ? ಇದೆ. ಕಂಪನಿಯ ಆಫೀಸು ಎಲ್ಲಿದೆ, ಹೊಸ ಗೇಮ್ ಯಾವಾಗ ಬರುತ್ತದೆ, ಇಂಥದ್ದಕ್ಕೆ ಕಂಪನಿಯ ಮಾತೇ ಸಾಕು. ಆದರೆ ಒಂದು ಸಂಗತಿಯ ಬಗ್ಗೆ ತಕರಾರು ಎದ್ದಾಗ ವಿಕಿಪೀಡಿಯ ಕೇಳುವುದು ಬೇರೆ: ಇದಕ್ಕೆ ಸಂಬಂಧಪಡದ ಯಾರಾದರೂ, ಪರಿಶೀಲಿಸಿ, ಪ್ರಕಟಿಸಿದ್ದಾರಾ?

ಟೆಟ್ರಿಸ್ ವಿಚಾರದಲ್ಲಿ ಈ ಪ್ರಶ್ನೆ ಸುಮ್ನೆ ಹಟಕ್ಕೆ ಕೇಳಿದ್ದಲ್ಲ. ಅಲೆಕ್ಸಿ ಪಜಿಟ್ನೋವ್ ಇದನ್ನು ಬರೆದದ್ದು ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ. ಯಂತ್ರದ ಹೆಸರು ಎಲೆಕ್ಟ್ರೋನಿಕಾ 60. ಅದರಲ್ಲಿ ಗ್ರಾಫಿಕ್ಸ್ ಇರಲಿಲ್ಲ, ತುಂಡುಗಳನ್ನು ಆವರಣ ಚಿಹ್ನೆಗಳಿಂದ ಮೂಡಿಸಿದ್ದರು. ಆಮೇಲೆ ವಾದಿಮ್ ಗೆರಾಸಿಮೋವ್ ಎಂಬ ಹದಿಹರೆಯದ ಹುಡುಗ ಅದನ್ನು ಐಬಿಎಂ ಪಿಸಿಗೆ ತಂದ. ಅಲ್ಲಿಂದ ಫ್ಲಾಪಿಯಲ್ಲಿ ಕೈಯಿಂದ ಕೈಗೆ ಹರಡಿತು. ಅಂಗಡಿಯಲ್ಲಿ ಬಿಡುಗಡೆ ಇಲ್ಲ, ಜಾಹೀರಾತಿಲ್ಲ, ಬಿಲ್ಲಿಲ್ಲ. ಹೀಗೆ ಹುಟ್ಟಿದ ಗೇಮಿಗೆ ದಿನಾಂಕ ಎಲ್ಲಿಂದ ತರುವುದು? ಗೇಮ್ ಉದ್ಯಮಿ ಹೆಂಕ್ ರಾಜರ್ಸ್ ಜೊತೆ ಸೇರಿ ಪಜಿಟ್ನೋವ್ ಟೆಟ್ರಿಸ್ ಕಂಪನಿ ಕಟ್ಟಿದ್ದು 1996ರಲ್ಲಿ. ಅಂದರೆ ಕಂಪನಿಗಿಂತ ಗೇಮ್ ಹತ್ತು ವರ್ಷಕ್ಕೂ ಹೆಚ್ಚು ಹಳೆಯದು. ಕಂಪನಿ ಹೇಳುವ ತಾರೀಕು ಆವತ್ತೇ ಬರೆದಿಟ್ಟ ದಾಖಲೆ ಅಲ್ಲ. ಅದರಿಂದ 1984 ತಪ್ಪು ಎಂದಾಗುವುದಿಲ್ಲ, ಆದರೆ ಕಂಪನಿಯ ಲಿಂಕ್ ಒಂದರಿಂದಲೇ ತಕರಾರು ಮುಗಿಯುವುದೂ ಇಲ್ಲ. 1984 ಎಂದು ಬರೆದ ಪುಸ್ತಕ, ಪತ್ರಿಕೆಗಳು ಬೇಕಾದಷ್ಟಿವೆ. 1985 ಎನ್ನುವವರೂ ಇದ್ದಾರೆ. ಹಾಗಾಗಿಯೇ ಜಗಳ.

ಹಾಗಾದರೆ ಏನು ಮಾಡಬೇಕು? ಲೇಖನವನ್ನು ಈಗ ಇರುವ ಹಾಗೇ ಬಿಡಿ. ಎರಡು ದಿನ 1985 ಅಂತಿದ್ದರೆ ಪ್ರಪಂಚ ಮುಳುಗುವುದಿಲ್ಲ. ಲೇಖನದ ಜೊತೆಗೇ ಇರುವ ಚರ್ಚೆ ಪುಟಕ್ಕೆ ಹೋಗಿ. ಮೊದಲು ಹಳೆಯ ಚರ್ಚೆಗಳನ್ನು ಓದಿ, ಇದೇ ಪ್ರಶ್ನೆಯನ್ನು ನಿಮಗಿಂತ ಮುಂಚೆ ಯಾರಾದರೂ ಕೇಳಿರಬಹುದು. ಆಮೇಲೆ ಹೊಸ ವಿಭಾಗ ತೆರೆದು ಹೀಗೆ ಬರೆಯಿರಿ: "ಈ ಪುಸ್ತಕದ ಇಂಥ ಪುಟದಲ್ಲಿ 1984 ಎಂದಿದೆ. ಇಂಥ ಪತ್ರಿಕೆಯ ಇಂಥ ಸಂಚಿಕೆಯಲ್ಲೂ ಹಾಗೇ ಇದೆ. 1985ಕ್ಕೆ ಈಗಿರುವ ಆಧಾರ ಯಾವುದು? ಎರಡನ್ನೂ ಹೇಳುವ ಸಾಲು ಹಾಕೋಣವೇ?" ಇಷ್ಟೇ. "ನೀವು ಟೆಟ್ರಿಸ್ ಆಡಿದ್ದೀರಾ?" "ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಗೊತ್ತು" ಇಂಥ ಸಾಲುಗಳನ್ನು ಬರೆದು ಅಳಿಸಿಬಿಡಿ, ಮನಸ್ಸಿಗೂ ಹಗುರ.

ಕೊನೆಗೆ ಬರುವ ರಾಜಿ ಸಾಮಾನ್ಯವಾಗಿ ಎರಡರಲ್ಲಿ ಒಂದು ವರ್ಷ ಗೆಲ್ಲುವುದಲ್ಲ. "ಟೆಟ್ರಿಸ್ ಕಂಪನಿ 1984ರ ಜೂನ್ 6 ಎನ್ನುತ್ತದೆ, ಬೇರೆ ಕೆಲವರ ಪ್ರಕಾರ 1985" ಎಂದು ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ ಬರೆಯುವುದು. ಓದುಗನಿಗೂ ಅದೇ ಒಳ್ಳೆಯದು, ಅಲ್ವಾ? ಬರೀ ಒಂದು ವರ್ಷ ಓದುವುದಕ್ಕಿಂತ ಈ ಗೊಂದಲ ಯಾಕೆ ಎಂದು ಓದುವುದೇ ಹೆಚ್ಚು ರುಚಿ.

ಮಾತು ಅಲ್ಲೂ ಕೂಡಿಬರದಿದ್ದರೆ? ಇಬ್ಬರ ನಡುವಿನ ಜಗಳವಾದರೆ ಮೂರನೆಯವರ ಅಭಿಪ್ರಾಯ ಕೇಳುವ ವ್ಯವಸ್ಥೆ ಇದೆ. ಹೆಚ್ಚು ಜನರ ಅಭಿಪ್ರಾಯ ಬೇಕೆಂದರೆ ಬಹಿರಂಗವಾಗಿ ಆಹ್ವಾನಿಸಬಹುದು, ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಅಡ್ಮಿನ್‌ಗಳ ಹತ್ತಿರ ಓಡಿ "ನೀವೇ ತೀರ್ಪು ಕೊಡಿ" ಎನ್ನಬೇಡಿ. ಅವರು ಪುಟಕ್ಕೆ ಬೀಗ ಹಾಕಬಲ್ಲರು, ಜನರನ್ನು ಬ್ಲಾಕ್ ಮಾಡಬಲ್ಲರು. 1984 ಸರಿಯೋ 1985 ಸರಿಯೋ ಎಂದು ಹೇಳುವ ಅಧಿಕಾರ ಅವರಿಗೂ ಇಲ್ಲ. ಬೀಗ ಹಾಕಿದಾಗಲೆಲ್ಲ ತಪ್ಪು ಆವೃತ್ತಿಗೇ ಹಾಕುತ್ತಾರೆ ಎಂಬುದು ವಿಕಿಪೀಡಿಯನ್ನರ ಹಳೇ ಜೋಕು. ಎರಡೂ ಕಡೆಯವರು ಹಾಗೇ ದೂರುತ್ತಾರೆ.

ಹೊಸಬರು ಎಂದು ಕುಗ್ಗಬೇಡಿ. ಸೆಗಾ ಕಂಪನಿಯ ಗೇಮ್ ಯಂತ್ರವೊಂದು 1988ರಲ್ಲಿ ಜಪಾನಿನಲ್ಲಿ ಮೆಗಾ ಡ್ರೈವ್ ಎಂದು ಬಂತು, 1989ರಲ್ಲಿ ಅಮೆರಿಕದಲ್ಲಿ ಜೆನೆಸಿಸ್ ಎಂದು. ಲೇಖನಕ್ಕೆ ಯಾವ ಹೆಸರು ಇಡಬೇಕು ಎಂದು ಪಳಗಿದ ಸಂಪಾದಕರೇ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಎರಡೂ ಕಡೆಯವರ ಹತ್ತಿರ ಒಳ್ಳೆಯ ಆಧಾರ ಇತ್ತು, ಅದೇ ತೊಂದರೆ.

ಪ್ರಶ್ನೆ: "ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2" ಗೇಮನ್ನು ವಿಮರ್ಶಕರು ಹಾಡಿ ಹೊಗಳಿದರು. ಆಡಿದ ಎಷ್ಟೋ ಜನ ಬೈದರು. ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ವಿಮರ್ಶಕರ ಅಂಕವೂ ಇದೆ, ಜನರ ಅಂಕವೂ ಇದೆ. ವಿಕಿಪೀಡಿಯ ಮೊದಲನೆಯದನ್ನು ಮಾತ್ರ ಹಾಕುತ್ತದೆ. ದುಡ್ಡು ಕೊಟ್ಟು ಕೊಂಡವರ ಮಾತಿಗೆ ಬೆಲೆ ಬೇಡವಾ? ಇದು ಪಕ್ಷಪಾತ ಅಲ್ಲವಾ?

ಉತ್ತರ: ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಇಲ್ಲಿ ನಾನು ವಿಕಿಪೀಡಿಯದ ಕಡೆಗೇ.

ಗೇಮ್ ಬಿಡುಗಡೆಯಾದದ್ದು 2020ರ ಜೂನ್ 19ಕ್ಕೆ. ಮುಗಿಸಲು ಇಪ್ಪತ್ತು ಗಂಟೆಗಿಂತ ಹೆಚ್ಚು ಬೇಕು. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆ ಅಂಕಗಳು ಬಂದು ಬಿದ್ದವು. ಏಪ್ರಿಲ್‌ನಲ್ಲಿ ಕಥೆ ಸೋರಿಹೋಗಿತ್ತು, ಸಿಟ್ಟು ಆಗಲೇ ಹೊಗೆಯಾಡುತ್ತಿತ್ತು. ಸೊನ್ನೆ ಕೊಟ್ಟವರು ಆಡಿದ್ದಾರೋ ಇಲ್ಲವೋ, ಒಬ್ಬನೇ ಎಷ್ಟು ಸಲ ಒತ್ತಿದ್ದಾನೋ, ಹೇಳುವವರು ಯಾರು? ಹತ್ತಕ್ಕೆ ಹತ್ತು ಕೊಟ್ಟು ಎದುರು ನಿಂತವರ ಕಥೆಯೂ ಅಷ್ಟೇ. ಅದೇ ಜುಲೈನಲ್ಲಿ ಮೆಟಾಕ್ರಿಟಿಕ್ ತಾನೇ ನಿಯಮ ಬದಲಿಸಿತು. ಗೇಮ್ ಬಂದು 36 ಗಂಟೆ ಕಳೆಯುವವರೆಗೆ ಜನರು ಅಂಕ ಕೊಡುವ ಹಾಗಿಲ್ಲ ಎಂದಿತು. ಅಂಕ ಪ್ರಕಟಿಸುವ ಜಾಲತಾಣಕ್ಕೇ ಆ ಅಂಕದ ಮೇಲೆ ಅನುಮಾನ ಬಂದ ಮೇಲೆ ವಿಶ್ವಕೋಶ ಅದನ್ನು ನಂಬಬೇಕಾ?

ಹಾಗಂತ ಜನರ ಸಿಟ್ಟು ಲೇಖನಕ್ಕೆ ಬರಲೇಬಾರದು ಎಂದಲ್ಲ. ಜನ ಮುಗಿಬಿದ್ದು ಸೊನ್ನೆ ಸುರಿದದ್ದು ಸುದ್ದಿಯಾಯಿತು, ಗೇಮ್ ಪತ್ರಿಕೆಗಳು ಅದರ ಬಗ್ಗೆ ಬರೆದವು. ಆ ವರದಿಗಳನ್ನು ಆಧಾರ ಮಾಡಿಕೊಂಡು "ಹೀಗೊಂದು ಗಲಾಟೆ ಆಯಿತು, ಇಂಥ ಕಾರಣಕ್ಕೆ" ಎಂದು ಬರೆಯಬಹುದು. ಅಂಕ ಬೇರೆ, ಅಂಕದ ಸುತ್ತ ನಡೆದ ಗಲಾಟೆ ಬೇರೆ. ನೀವು ಮೊದಲನೆಯದನ್ನು ತುರುಕಲು ಹೋಗುತ್ತಿದ್ದೀರಿ. ಎರಡನೆಯದನ್ನು ಒಳ್ಳೆಯ ಆಧಾರದೊಂದಿಗೆ ಬರೆದರೆ ಉಳಿಯುತ್ತದೆ. ಎಷ್ಟು ಸಾಲು ಎಂಬುದು ಮತ್ತೆ ಚರ್ಚೆಯ ವಿಷಯ. ಒಂದು ಪ್ಯಾರಾ ಸರಿ. ಲೇಖನದ ಅರ್ಧ ಅದೇ ಆದರೆ ತಕರಾರು ಬಂದೇ ಬರುತ್ತದೆ.

ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನವರ ಫೌ-ಜಿ ಬಂದಾಗಲೂ ಇದೇ ಆಯಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು, ಎರಡೇ ದಿನಕ್ಕೆ ಫೌ-ಜಿ ಘೋಷಣೆ ಆಯಿತು, ಗೇಮ್ ಬಂದದ್ದು 2021ರ ಜನವರಿ 26ಕ್ಕೆ. ಪ್ಲೇ ಸ್ಟೋರ್‌ನಲ್ಲಿ ಐದು ಸ್ಟಾರ್ ಕೊಟ್ಟ ದೇಶಪ್ರೇಮಿಗಳೂ ಇದ್ದರು, ಒಂದೇ ಸ್ಟಾರ್ ಕೊಟ್ಟ ಪಬ್‌ಜಿ ಅಭಿಮಾನಿಗಳೂ ಇದ್ದರು. ಗೇಮ್ ಹೇಗಿತ್ತು ಎಂದು ಆ ಸ್ಟಾರ್‌ಗಳಿಂದ ತಿಳಿಯುವುದಿಲ್ಲ.

ಮಾರಾಟದ ಲೆಕ್ಕಕ್ಕೂ ಇದೇ ಎಚ್ಚರ ಇರಲಿ. ಗೇಮ್ ಮಾರಾಟ ಅಂದಾಜಿಸುವ ವಿಜಿಚಾರ್ಟ್ಜ್ ಜಾಲತಾಣದ ಅಂಕಿಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಗೇಮ್ ಲೇಖನ ನೋಡಿಕೊಳ್ಳುವ ಸಂಪಾದಕರ ತಂಡ ಒಪ್ಪುವುದಿಲ್ಲ. ಅಭಿಮಾನಿಗಳ ವಿಕಿ, ರೆಡ್ಡಿಟ್, ಬಳಕೆದಾರರೇ ತುಂಬುವ ಗೇಮ್ ಮಾಹಿತಿ ತಾಣ ಮೋಬಿಗೇಮ್ಸ್ ಕೂಡ ನಡೆಯುವುದಿಲ್ಲ. ಯಾವುದು ನಡೆಯುತ್ತದೆ ಎಂಬ ಪಟ್ಟಿಯನ್ನು ಆ ತಂಡವೇ ಇಟ್ಟಿದೆ. ತಿದ್ದುವ ಮುಂಚೆ ಒಮ್ಮೆ ನೋಡಿದರೆ ಅರ್ಧ ಜಗಳ ತಪ್ಪುತ್ತದೆ.

ಪ್ರಶ್ನೆ: ಲೇಖನದಲ್ಲಿ ಗೇಮಿನ ಕ್ಲೈಮ್ಯಾಕ್ಸ್ ಪೂರ್ತಿ ಬರೆದಿದ್ದಾರೆ. ಬೇರೆಯವರ ಮಜಾ ಹಾಳಾಗಬಾರದು ಅಂತ ತೆಗೆದೆ. ವಾಪಸ್ ಹಾಕಿದ್ದಾರೆ. ಅವರಿಗೆ ಅಷ್ಟೂ ಗೊತ್ತಾಗಲ್ಲವಾ?

ಉತ್ತರ: ಗೊತ್ತಾಗಿಯೇ ಹಾಕಿದ್ದಾರೆ. ಕಥೆ ಬಯಲಾಗುತ್ತದೆ ಎಂಬ ಕಾರಣಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಏನನ್ನೂ ತೆಗೆಯುವ ಹಾಗಿಲ್ಲ. ಮೊದಲು ಎಚ್ಚರಿಕೆಯ ಫಲಕವಾದರೂ ಇರುತ್ತಿತ್ತು, 2007ರಲ್ಲಿ ಅದನ್ನೂ ತೆಗೆದರು. ನಿಮಗೆ ಉಳಿದಿರುವ ದಾರಿ ಒಂದು: ಕಥೆಯ ಭಾಗ ಸುಮಾರು 700 ಪದ ಮೀರಬಾರದು ಎಂಬ ಸೂಚನೆ ಇದೆ. ಮೀರಿದ್ದರೆ ಕತ್ತರಿಸಿ. ಕ್ಲೈಮ್ಯಾಕ್ಸ್ ಮಾತ್ರ ಬಿಡಿ.

ಪ್ರಶ್ನೆ: ನಾನು ಗೃಹಿಣಿ, ಮಗನ ಜೊತೆ ಕೂತು ಗೇಮ್ ಆಡುವುದನ್ನು ಕಲಿತೆ. ಕನ್ನಡ ವಿಕಿಪೀಡಿಯದಲ್ಲಿ ಮೈನ್‌ಕ್ರಾಫ್ಟ್ ಬಗ್ಗೆ ದೊಡ್ಡದಾಗಿ ಬರೆಯೋಣ ಅಂತ ಪ್ರತಿ ಆಯುಧ, ಪ್ರತಿ ಪ್ರಾಣಿ, ಯಾವುದನ್ನು ಹೇಗೆ ಮಾಡುವುದು ಎಲ್ಲ ಸೇರಿಸಿದೆ. ಇಂಗ್ಲಿಷ್ ಪುಟದ ಕೆಲವು ಭಾಗಗಳನ್ನು ಗೂಗಲ್ ಅನುವಾದದಿಂದ ತಂದೆ. ಒಬ್ಬ ಸದಸ್ಯರು ಮುಕ್ಕಾಲು ಭಾಗ ತೆಗೆದುಬಿಟ್ಟರು. ಕನ್ನಡದಲ್ಲಿ ಬರೆಯುವವರೇ ಕಡಿಮೆ, ಬರೆದವರಿಗೂ ಹೀಗೆ ಮಾಡಿದರೆ?

ಉತ್ತರ: ಅಮ್ಮಾ, ನೀವು ಬೇಸರ ಮಾಡಿಕೊಂಡು ಬಿಟ್ಟುಹೋಗಬೇಡಿ. ನಿಮ್ಮಂಥವರು ಅಲ್ಲಿ ನಿಜಕ್ಕೂ ಕಡಿಮೆ.

ಆಯುಧಗಳ ಪಟ್ಟಿ ಹೋದದ್ದು ಸರಿ. ಗೇಮ್ ಆಡುವುದು ಹೇಗೆ ಎಂದು ಕಲಿಸುವುದು ವಿಶ್ವಕೋಶದ ಕೆಲಸವಲ್ಲ, ಅದಕ್ಕೆ ಬೇರೆ ಜಾಗಗಳಿವೆ. ಗೇಮನ್ನು ಎಂದೂ ಆಡದವರಿಗೆ ಅದು ಏನು, ಯಾರು ಮಾಡಿದರು, ಯಾಕೆ ಹೆಸರಾಯಿತು ಎಂದು ತಿಳಿದರೆ ಸಾಕು. ನಿಮ್ಮ ಮಗನಿಗಲ್ಲ, ನಿಮ್ಮ ಅತ್ತೆಗೆ ಅರ್ಥವಾಗುವ ಹಾಗೆ ಬರೆಯಿರಿ.

ಗೂಗಲ್ ಅನುವಾದದ ವಿಷಯಕ್ಕೆ ಹಳೆಯ ಗಾಯ ಒಂದಿದೆ. 2010ರ ಆಸುಪಾಸಿನಲ್ಲಿ ಗೂಗಲ್‌ನ ಯೋಜನೆಯೊಂದರಲ್ಲಿ ಅದರ ಅನುವಾದ ಸಾಧನ ಬಳಸಿ ಕನ್ನಡವೂ ಸೇರಿ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಉದ್ದುದ್ದ ಲೇಖನಗಳು ಬಂದವು. ಓದಿದರೆ ತಲೆಬುಡ ಗೊತ್ತಾಗದ ವಾಕ್ಯಗಳು. ಸರಿಪಡಿಸುವ ಕೆಲಸ ಮಾತ್ರ ಇಲ್ಲಿನ ಕೆಲವೇ ಜನರ ತಲೆಗೆ ಬಂತು. ಹಾಗಾಗಿ ಯಂತ್ರದ ವಾಸನೆ ಬಂದ ಕೂಡಲೇ ಅವರು ಕತ್ತರಿ ಹಿಡಿಯುತ್ತಾರೆ. ಹತ್ತು ಸಾಲು ಸಾಕು, ನಿಮ್ಮ ಮಾತಿನಲ್ಲಿ ಬರೆಯಿರಿ. ಆಧಾರ ಕನ್ನಡದ್ದೇ ಆಗಬೇಕು ಎಂದಿಲ್ಲ, ಇಂಗ್ಲಿಷ್ ಪತ್ರಿಕೆಯ ವರದಿಯನ್ನೂ ಉಲ್ಲೇಖಿಸಬಹುದು.

ಆದರೆ ತೆಗೆದವರ ಕಡೆಯಿಂದಲೂ ಒಂದು ಕೊರತೆ ಕಾಣುತ್ತದೆ. ಮುಕ್ಕಾಲು ಲೇಖನ ತೆಗೆಯುವವರು ಕಾರಣವಾಗಿ ಎರಡು ಸಾಲು ಬರೆಯಬೇಕಿತ್ತು. "ಇತಿಹಾಸ" ಒತ್ತಿ ನೋಡಿ, ತಿದ್ದುಪಡಿಯ ಸಾರಾಂಶದಲ್ಲಿ ಏನಾದರೂ ಬರೆದಿದ್ದಾರಾ ಎಂದು. ಇಲ್ಲದಿದ್ದರೆ ಚರ್ಚೆ ಪುಟದಲ್ಲಿ ಕೇಳಿ. ಅಲ್ಲಿ ಜನ ಕಡಿಮೆ, ಉತ್ತರ ಬರುವುದು ತಡವಾಗಬಹುದು. ಯಾರೂ ತಿರುಗಿ ನೋಡದಿದ್ದರೆ ಕನ್ನಡ ವಿಕಿಪೀಡಿಯದ "ಅರಳಿ ಕಟ್ಟೆ" ಪುಟಕ್ಕೆ ಹೋಗಿ ಬರೆಯಿರಿ. ಎಲ್ಲರೂ ಸೇರಿ ಮಾತಾಡುವ ಜಾಗ ಅದೇ. ಇನ್ನೊಂದು ವಿಷಯ: ಅಳಿಸಿದ್ದು ಕಳೆದುಹೋಗಿಲ್ಲ, ಹಳೆಯ ಆವೃತ್ತಿ ಇತಿಹಾಸದಲ್ಲೇ ಇರುತ್ತದೆ. ಬೇಕಾದ ಭಾಗವನ್ನು ಅಲ್ಲಿಂದ ತೆಗೆದು, ನಿಮ್ಮ ಸದಸ್ಯ ಪುಟದ ಕೆಳಗೆ ಪ್ರಯೋಗಪುಟ (ಕರಡು ಬರೆದು ನೋಡುವ ಪುಟ) ಮಾಡಿಕೊಂಡು, ಅಲ್ಲಿ ತಿದ್ದಿ, ಆಮೇಲೆ ಲೇಖನಕ್ಕೆ ಸೇರಿಸಿ. ಮೊದಲ ಪ್ಯಾರಾ ಬರೆದ ಮೇಲೆ, ತೆಗೆದ ಆ ಸದಸ್ಯರಿಗೇ ತೋರಿಸಿ "ಇದು ಆಗುತ್ತಾ?" ಎಂದು ಕೇಳಿ.