ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತವರು ತಾತನ ಪದ್ಮಿನಿ ಓಡಿಸಬಹುದಾ?

ನಿಮ್ಮ ಪ್ರಶ್ನೆ ಇದು. ಊರು ಮಂಡ್ಯ, ವಯಸ್ಸು 23, ಕಾರು ಕಲಿತದ್ದು ಎಎಂಟಿಯಲ್ಲಿ, ಅಂದರೆ ಗೇರ್ ತಾನೇ ಬದಲಾಗುವ ಕಾರಿನಲ್ಲಿ. ತಾತನ ಹಳೇ ಗೇರ್ ಕಾರು ಪ್ರೀಮಿಯರ್ ಪದ್ಮಿನಿ ಶೆಡ್ಡಿನಲ್ಲಿ ನಿಂತಿದೆ. ‘ಈಗಿನವರ ಕೈಲಿ ಅದೆಲ್ಲಾ ಆಗಲ್ಲ’ ಅಂತ ಮನೆಯಲ್ಲಿ ಹೇಳುತ್ತಾರೆ. ಅದು ನಿಜಾನಾ?

ಖಂಡಿತ ಅಲ್ಲ. ಧಾರಾಳವಾಗಿ ಓಡಿಸಬಹುದು. ಮೈಸೂರಿನಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಪದ್ಮಿನಿ, ಅಂಬಾಸಿಡರ್ ಈಗಲೂ ರಿಪೇರಿಗೆ ಬರುತ್ತವೆ. ತರುವವರು ಜಾಸ್ತಿ ವಯಸ್ಸಾದವರೇ. ಜೊತೆಗೆ ಬಂದ ಮೊಮ್ಮಕ್ಕಳು ಬಾನೆಟ್ ಪಕ್ಕ ನಿಂತು ಆಸೆಯಿಂದ ನೋಡುತ್ತಾರೆ, ಕೇಳುತ್ತಾರೆ. ಕೀ ಮಾತ್ರ ಅವರ ಕೈಗೆ ಬರುವುದಿಲ್ಲ. ಕಲಿಸದವರು ದೊಡ್ಡವರು, ‘ಬರಲ್ಲ’ ಅಂತ ಅನ್ನಿಸಿಕೊಳ್ಳುವವರು ಮಕ್ಕಳು. ನನಗೆ ಇದು ತುಂಬಾ ಬೇಜಾರು.

ಮೊದಲು ಒಂದು ವಿಷಯ. ನಿಮ್ಮ ಎಎಂಟಿ ಒಳಗೆ ಇರುವುದೂ ಗೇರ್ ಗಾಡಿಯ ಗೇರ್‌ಬಾಕ್ಸೇ. ಅದಕ್ಕೂ ಕ್ಲಚ್ ಇದೆ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ಕೊಂಡಿಯನ್ನು ಬಿಡಿಸಿ ಮತ್ತೆ ಕೂಡಿಸುವ ಭಾಗ. ಅದನ್ನು ಒತ್ತಿ ಬಿಡುವ ಕೆಲಸ, ಗೇರ್ ಬದಲಿಸುವ ಕೆಲಸ ಯಂತ್ರ ಮಾಡುತ್ತದೆ, ಅಷ್ಟೇ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಇದು ನಮ್ಮ ದೇಶಕ್ಕೆ ಬಂತು. ಗೇರ್ ಬದಲಾಗುವಾಗ ಕಾರು ಒಂದು ಕ್ಷಣ ತಡೆದ ಹಾಗೆ ಆಗುತ್ತದೆ ಅಲ್ವಾ? ಕ್ಲಚ್ ಬಿಟ್ಟು ಮತ್ತೆ ಹಿಡಿಯುವ ಹೊತ್ತು ಅದು. ಪದ್ಮಿನಿಯಲ್ಲಿ ಅದೇ ಕೆಲಸ ನಿಮ್ಮ ಎಡಗಾಲಿನದು.

ಕ್ಲಚ್ ಕೆಲಸವನ್ನು ಯಂತ್ರಕ್ಕೆ ಬಿಡುವುದೇನೂ ಹೊಸದಲ್ಲ. ಇಲ್ಲೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ 1996ರವರೆಗೂ ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಅವುಗಳ ಹಲವು ಮಾಡೆಲ್‌ಗಳಲ್ಲಿ ಗೇರ್ ಲಿವರ್ ತುಳಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತಿತ್ತು. ಅದನ್ನು ಓಡಿಸಿದವರನ್ನು ಯಾರೂ ‘ಇವರ ಕೈಲಿ ಆಗಲ್ಲ’ ಅನ್ನಲಿಲ್ಲ.

ಈಗ ಕಲಿಯುವ ವಿಷಯಕ್ಕೆ ಬರೋಣ. ಮನೆಗಳು ಇನ್ನೂ ಎದ್ದಿರದ ಯಾವುದಾದರೂ ಹೊಸ ಲೇಔಟ್‌ಗೆ ಹೋಗಿ. ರೋಡು ಸಮತಟ್ಟಾಗಿರಲಿ. ಎಂಜಿನ್ ಬಿಸಿಯಾಗಲಿ, ಚೋಕ್ (ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಗುಂಡಿ) ಪೂರ್ತಿ ಒಳಗೆ ಹೋಗಿರಲಿ. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ. ಬಲಗಾಲು ಆಕ್ಸಿಲರೇಟರ್ ಮುಟ್ಟುವುದೇ ಬೇಡ, ಬ್ರೇಕ್ ಹತ್ತಿರ ಇರಲಿ. ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗುತ್ತದೆ. ಪೆಡಲ್ಲಿನಲ್ಲಿ ಸಣ್ಣ ನಡುಕ ಬರುತ್ತದೆ. ಅಲ್ಲೇ ಕಾಲು ನಿಲ್ಲಿಸಿ, ಗಾಡಿ ತಾನೇ ತೆವಳಿಕೊಂಡು ಹೊರಡುತ್ತದೆ. ಮತ್ತೆ ಕ್ಲಚ್ ಒತ್ತಿ, ಬ್ರೇಕ್ ಹಿಡಿದು ನಿಲ್ಲಿಸಿ. ಮತ್ತೆ ಬಿಡಿ. ಆ ಜಾಗ ಕಾಲಿಗೆ ಅಭ್ಯಾಸ ಆಗುವವರೆಗೂ ಸೆಕೆಂಡ್ ಗೇರ್ ವಿಷಯ ಎತ್ತಬೇಡಿ. ಗಾಡಿ ಆಫ್ ಆದರೆ ಆಗಲಿ, ಏನೂ ಮುರಿಯುವುದಿಲ್ಲ. ಡ್ರೈವಿಂಗ್ ಸ್ಕೂಲುಗಳಲ್ಲಿ ಇದಕ್ಕೆ ಇಷ್ಟು ಹೊತ್ತು ಕೊಡುವುದಿಲ್ಲ. ಅದಕ್ಕೇ ಕಲಿತವರಿಗೂ ದಿಬ್ಬದಲ್ಲಿ ಎದೆ ಡವಡವ ಅನ್ನುತ್ತದೆ.

ಇನ್ನು ಪದ್ಮಿನಿಯದೇ ಕೆಲವು ಗುಣಗಳಿವೆ. ಗೇರ್ ಲಿವರ್ ಸಾಮಾನ್ಯವಾಗಿ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತದೆ. ಮುಂದಕ್ಕೆ ನಾಲ್ಕು ಗೇರ್. ಇದರಲ್ಲಿ ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ಎರಡು ಹಲ್ಲಿನ ಚಕ್ರಗಳ ವೇಗವನ್ನು ಹೊಂದಿಸಿ ಕೂಡಿಸುವ ಏರ್ಪಾಡು ಆ ಒಂದು ಗೇರಿಗೆ ಇಲ್ಲ. ಗಾಡಿ ಓಡುತ್ತಿರುವಾಗ ಫಸ್ಟ್‌ಗೆ ಎಳೆದರೆ ಕರ್ರ್ ಅಂತ ಕಿರುಚುತ್ತದೆ. ಹಲ್ಲು ಸವೆಯುವುದು ಹೀಗೇ. ಪೂರ್ತಿ ನಿಂತ ಮೇಲೆ ಫಸ್ಟ್ ಹಾಕಿ. ಕೈ ಪಳಗಿದ ಮೇಲೆ, ಗಾಡಿ ನಿಧಾನಕ್ಕೆ ಓಡುತ್ತಿರುವಾಗಲೇ ಫಸ್ಟ್ ಹಾಕಲು ಡಬಲ್ ಕ್ಲಚ್ ಕಲಿಯಬಹುದು. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು ಕ್ಲಚ್ ಬಿಡಬೇಕು, ಚೂರು ರೇಸ್ ಕೊಡಬೇಕು, ಮತ್ತೆ ಒತ್ತಿ ಗೇರ್ ಹಾಕಬೇಕು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಆಮೆ ನಡಿಗೆಯಲ್ಲಿ ಹೋಗುವಾಗ ನಿಮಗೆ ಇದು ಬೇಕಾಗುತ್ತದೆ.

ಬ್ರೇಕ್ ವಿಷಯದಲ್ಲಿ ಹುಷಾರು. ಹಳೆಯ ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ನಿಮ್ಮ ಎಎಂಟಿಯ ಹಾಗೆ ಮುಟ್ಟಿದ ತಕ್ಷಣ ನಿಲ್ಲುವುದಿಲ್ಲ. ಮುಂದಿನ ಗಾಡಿಯಿಂದ ದೂರ ಬಿಡಿ. ಚಾಮುಂಡಿ ಬೆಟ್ಟ ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ತುಳಿದುಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಯುವುದಂತೂ ಬೇಡವೇ ಬೇಡ.

ಬೇಸಿಗೆಯಲ್ಲಿ ಗಾಡಿ ಸುಮ್ನೆ ನಿಂತುಬಿಟ್ಟರೆ ಗಾಬರಿಯಾಗಬೇಡಿ. ಎಂಜಿನ್ ಕಾವಿಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯಲಾರದೆ ಹೋಗುತ್ತದೆ. ಬಾನೆಟ್ ಎತ್ತಿ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಹಳೇ ಕಾರು ಇಟ್ಟವರ ಡಿಕ್ಕಿಯಲ್ಲಿ ಒಂದು ಬಟ್ಟೆ, ಒಂದು ಬಾಟಲಿ ನೀರು ಇದ್ದೇ ಇರುತ್ತವೆ.

ಲೈಸೆನ್ಸ್ ಚಿಂತೆ ಬೇಡ. ನಮ್ಮಲ್ಲಿ ಬೈಕಿಗೆ ಗೇರ್ ಇರುವುದು, ಇಲ್ಲದ್ದು ಅಂತ ಬೇರೆ ಬೇರೆ ಲೈಸೆನ್ಸ್ ಇದೆ. ಕಾರಿಗೆ ಹಾಗಿಲ್ಲ. ಬ್ರಿಟನ್ನಿನಲ್ಲಾದರೆ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವರು ಗೇರ್ ಕಾರು ಓಡಿಸುವ ಹಾಗಿಲ್ಲ. ಇಲ್ಲಿ ಕಾನೂನು ತಡೆಯುವುದಿಲ್ಲ, ಹಾಗಾಗಿ ಕಲಿಯದೆ ಟ್ರಾಫಿಕ್‌ಗೆ ಇಳಿಯದಿರುವ ಜವಾಬ್ದಾರಿ ನಿಮ್ಮದೇ.

ತಾತ ಗಟ್ಟಿಮುಟ್ಟಾಗಿದ್ದಾರೆ ಅಂತ ಬರೆದಿದ್ದೀರಿ. ಅವರನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ಆ ಗಾಡಿಯಲ್ಲಿ ಯಾವ ಗೇರ್ ತಡೆದು ಬೀಳುತ್ತದೆ, ಚೋಕ್ ಎಷ್ಟು ಎಳೆಯಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿರುವುದಿಲ್ಲ.

ಹೊರಗೆ ತೆಗೆಯುವ ಮೊದಲು ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ. ಬ್ರೇಕ್ ಆಯಿಲ್, ರಬ್ಬರ್ ಪೈಪು, ಟೈರ್ ನೋಡಿಸಿ. ಟೈರಿನ ಪಕ್ಕದಲ್ಲಿ ಬಿರುಕು ಇದ್ದರೆ ಬದಲಿಸಲೇಬೇಕು. 15 ವರ್ಷ ದಾಟಿದ ಕಾರಿಗೆ ಆರ್‌ಸಿ ರಿನ್ಯೂವಲ್ ಆಗಿರಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಇನ್ಶೂರೆನ್ಸನ್ನೂ ನೋಡಿಕೊಳ್ಳಿ. ಇದಿಷ್ಟು ಆಗುವವರೆಗೆ ಶೆಡ್ಡಿನಲ್ಲೇ ನಿಲ್ಲಿಸಿಕೊಂಡು ಗೇರ್ ಹಾಕಿ ತೆಗೆದು ಕೈ ಪಳಗಿಸಿಕೊಳ್ಳಿ. ಅದಕ್ಕೆ ಎಂಜಿನ್ ಸ್ಟಾರ್ಟ್ ಮಾಡಬೇಕಾಗಿಲ್ಲ.