ಮರಿ ಸಲ್ಕಾಟಾ ಆಮೆಗೆ (ಆಫ್ರಿಕಾ ಮೂಲದ ನೆಲದ ಆಮೆ) ಅನ್ನ, ಬಾಳೆಹಣ್ಣು, ಬಸಳೆ ಹಾಕಿ ಬೆಳೆಸಿದರೆ ಮುಂದೆ ತೊಂದರೆ ಆಗುತ್ತದೆಯೇ? (ಕಾರವಾರದಿಂದ ಕೇಳಿದ್ದು)

ಆಗುತ್ತದೆ, ಈಗಲೇ ಬದಲಿಸಿ. ಮೊದಲ ಎರಡು-ಮೂರು ವರ್ಷಗಳಲ್ಲಿ ಚಿಪ್ಪು ಮತ್ತು ಮೂಳೆ ಭರದಿಂದ ಬೆಳೆಯುತ್ತವೆ. ಅನ್ನದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಬಸಳೆ, ಹರಿವೆ, ಪಾಲಕ್‌ನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರದಂತೆ ತಡೆಯುತ್ತದೆ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ: ಚಿಪ್ಪು ಮೆತ್ತಗಾಗಿ, ಕಾಲು ಸೊಟ್ಟಗಾಗುತ್ತದೆ. ಬಾಳೆಹಣ್ಣಿನ ಸಕ್ಕರೆಯಿಂದ ಭೇದಿ.

ಆಹಾರದ ಮುಕ್ಕಾಲು ಪಾಲಿಗಿಂತ ಹೆಚ್ಚು ಗರಿಕೆ, ಎಳೆ ಹುಲ್ಲು ಇರಲಿ. ಉಳಿದದ್ದು ದಾಸವಾಳದ ಎಲೆ-ಹೂವು, ಹಿಪ್ಪುನೇರಳೆ ಎಲೆ, ಸ್ವಲ್ಪ ನುಗ್ಗೆಸೊಪ್ಪು. ಔಷಧಿ ಹೊಡೆದ ತೋಟದ ಹುಲ್ಲು ಬೇಡವೇ ಬೇಡ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡು ಪಟ್ಟಾದರೂ ಇರಬೇಕು. ನಮ್ಮ ಕಡಲತೀರದಲ್ಲಿ ಸಿಗುವ ಬಿಳಿ ಕಪ್ಪೆಬೊಂಡಾಸದ (ಕಟಲ್‌ಫಿಶ್) ಮೂಳೆಯನ್ನು ದಿನವೂ ನೀರು ಬದಲಿಸುತ್ತ ನಾಲ್ಕೈದು ದಿನ ಸಿಹಿನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಒಣಗಿಸಿ, ಗೂಡಿನಲ್ಲಿಡಿ, ಬೇಕಾದಷ್ಟು ಕಡಿದುಕೊಳ್ಳುತ್ತದೆ.

ಬಿಸಿಲಿಲ್ಲದೆ ಇದ್ಯಾವುದೂ ಮೈಗೆ ಹತ್ತದು. ಕ್ಯಾಲ್ಸಿಯಂ ಹೀರಲು ಬೇಕಾದ ವಿಟಮಿನ್ ಡಿ3 ಬಿಸಿಲಿನ ಯುವಿಬಿ (ನೇರಳಾತೀತ) ಕಿರಣದಿಂದ ತಯಾರಾಗುತ್ತದೆ; ಕಿಟಕಿ ಗಾಜು ಅದನ್ನು ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯುವಿಬಿ ದೀಪ ಅನಿವಾರ್ಯ.

ಚಿಪ್ಪು ಉಬ್ಬುಬ್ಬಾಗಿ ಏಳುವುದಕ್ಕೆ ಊಟವೊಂದೇ ಕಾರಣವಲ್ಲ, ಒಣಹವೆಯೂ ಕಾರಣ. ದಿನಾ 15 ನಿಮಿಷ ಉಗುರುಬೆಚ್ಚಗಿನ, ಗದ್ದದ ಮಟ್ಟದ ನೀರಲ್ಲಿ ಬಿಡಿ. ಎದ್ದ ಉಬ್ಬು ಇಳಿಯುವುದಿಲ್ಲ, ಹೊಸ ಬೆಳವಣಿಗೆ ಮಾತ್ರ ಸಪಾಟಾಗಿ ಬರಬಹುದು. ಚಿಪ್ಪು ಒತ್ತಿದರೆ ತಗ್ಗುತ್ತಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.